ಪಡೆದದ್ದರಲ್ಲಿ ಒಂದು ಪಾಲು ನಮ್ಮದಲ್ಲ: ಯೆಹೂದಿ ಚಿಂತನೆಯಲ್ಲಿ ಸಿರಿ ಮತ್ತು ಹೊಣೆ

ಹೊಲದಂಚು:

ಯೆಹೂದಿಗಳ ಹಳೆಯ ಗ್ರಂಥಗಳನ್ನು ಅನುವಾದದಲ್ಲಿ ಓದುತ್ತಾ ಬಂದಿದ್ದೇನೆ. ಅದರಲ್ಲಿ ಒಂದು ವಿಚಾರ ಮನಸ್ಸಿಗೆ ಬಹಳ ನಾಟಿದೆ. ಈ ಗುಂಪಿನಲ್ಲಿ ನಿಮ್ಮೆಲ್ಲರ ಜೊತೆ ಮಾತಾಡೋಣ ಅನ್ನಿಸಿತು.

ಒಳ್ಳೆಯದಾದಾಗ ನಾವು ದೇವರ ದಯೆ ಅನ್ನುತ್ತೇವೆ, ಕೈ ಮುಗಿಯುತ್ತೇವೆ. ಹೆಚ್ಚಿನ ಸಲ ಅಲ್ಲಿಗೆ ಮುಗಿಯಿತು. ಯೆಹೂದಿ ಚಿಂತನೆಯಲ್ಲಿ ವಿಷಯ ಶುರುವಾಗುವುದೇ ಅಲ್ಲಿಂದ. ಬೆಳೆ ಚೆನ್ನಾಗಿ ಬಂತಾ? ಹಾಗಾದರೆ ಅದರಲ್ಲಿ ಒಂದು ಪಾಲು ಮೊದಲಿಂದಲೂ ನಿನ್ನದಲ್ಲ. ಅದನ್ನು ಬಿಟ್ಟುಕೊಟ್ಟೆ ಅಂತ ಹೇಳಿಕೊಳ್ಳುವುದಕ್ಕೂ ಏನೂ ಇಲ್ಲ, ಬೇರೆಯವರದ್ದನ್ನು ಮುಟ್ಟಲಿಲ್ಲ ಅಷ್ಟೆ.

ತೋರಾ ಅಂದರೆ ಯೆಹೂದಿಗಳ ಮೂಲ ಧರ್ಮಗ್ರಂಥ. ಅದರ ಯಾಜಕಕಾಂಡ, 19ನೇ ಅಧ್ಯಾಯ. ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಕೊಯ್ಯಬೇಡ. ಹಕ್ಕಲು ಆಯಬೇಡ. ಅವು ಬಡವರಿಗೆ, ಪರದೇಶಿಗಳಿಗೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊಲದಲ್ಲಿ ಒಂದು ಸಿವುಡು ಮರೆತು ಬಂದರೆ ತರಲು ವಾಪಸ್ ಹೋಗಬೇಡ. ಮರೆತದ್ದೂ ಪರದೇಶಿಗೆ, ಅನಾಥರಿಗೆ, ವಿಧವೆಗೆ ಸೇರಿತು. ಬೇತ್ಲೆಹೇಮಿನಲ್ಲಿ ರೂತಳು ಬೋವಜನ ಹೊಲಕ್ಕೆ ಹೋಗಿ ಹಕ್ಕಲಾಯ್ದದ್ದು ಇದೇ ಕಟ್ಟಳೆಯ ಬಲದಿಂದ. ಅವಳು ಮೋವಾಬಿನವಳು, ಪರದೇಶದವಳು, ಗಂಡ ಸತ್ತವಳು. ಅವಳ ವಂಶದಲ್ಲೇ ಮುಂದೆ ರಾಜ ದಾವೀದ ಹುಟ್ಟಿದ.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನವಾದ ಮಿಶ್ನಾ ಎಂಬ ಕಟ್ಟಳೆಗಳ ಸಂಗ್ರಹದಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಹೆಸರು ಪೇಆ, ಅಂದರೆ ಮೂಲೆ. ಅದನ್ನು ಓದುವಾಗ ನನಗೆ ಆಶ್ಚರ್ಯ ತಂದದ್ದು ಅದರ ಸೂಕ್ಷ್ಮ. ಮೂಲೆ ಅಂದರೆ ಎಷ್ಟು? ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಬಾರದು. ಬಡವರು ಅಲ್ಲಿ ಕುಡುಗೋಲಿನಿಂದ ಕೊಯ್ಯಬಾರದು, ಗುದ್ದಲಿಯಿಂದ ಕೀಳಬಾರದು. ಯಾಕೆ ಅಂದರೆ ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಪೆಟ್ಟು ಮಾಡಿಕೊಂಡಾರು. ಖರ್ಜೂರದ ಮರವಾದರೆ ಬಡವರನ್ನು ಹತ್ತಿಸುವಂತಿಲ್ಲ, ಹೊಲದವನೇ ಇಳಿಸಿ ಹಂಚಬೇಕು. ದಿನಕ್ಕೆ ಮೂರು ಹೊತ್ತು ಅವರಿಗೆ ದಾರಿ ಬಿಡಬೇಕು: ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು. ಬೆಳಿಗ್ಗೆ ಹಾಲೂಡಿಸುವ ತಾಯಂದಿರಿಗೆ, ಮಧ್ಯಾಹ್ನ ಮಕ್ಕಳಿಗೆ, ಇಳಿಹೊತ್ತು ನಿಧಾನಕ್ಕೆ ನಡೆಯುವ ಮುದುಕರಿಗೆ ಅಂತ ಆಮೇಲಿನ ಪಂಡಿತರು ವಿವರಿಸಿದರು.

ಇನ್ನೂ ಒಂದು ಇದೆ. ಹೊಲದವನು ತನಗೆ ಬೇಕಾದ ಬಡವನನ್ನು ಮಾತ್ರ ಒಳಗೆ ಬಿಟ್ಟು ಇನ್ನೊಬ್ಬನನ್ನು ತಡೆದರೆ, ಅಥವಾ ಒಬ್ಬನಿಗೆ ಮಾತ್ರ ಕೈ ಜೋಡಿಸಿ ಆಯಲು ನೆರವಾದರೆ, ಅವನು ಬಡವರನ್ನು ದೋಚಿದವನು. ನಮ್ಮ ಕಾಲಕ್ಕೂ ಇದು ಎಷ್ಟು ಕಷ್ಟದ ಮಾತು ಅಲ್ವಾ? ಕೊಡುವವರು ನಾವೇ ಆದಾಗ, ಯಾರಿಗೆ ಕೊಡಬೇಕು ಅನ್ನುವ ಅಧಿಕಾರವೂ ನಮ್ಮದೇ ಅಂದುಕೊಂಡಿರುತ್ತೇವೆ.

ಲೆಕ್ಕಿಗ:

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ನನಗೆ ಒಂದು ಅಡ್ಡ ಪ್ರಶ್ನೆ ಇದೆ. ಅರವತ್ತರಲ್ಲಿ ಒಂದು, ದಿನಕ್ಕೆ ಮೂರು ಸಲ, ಇಂಥದ್ದು ಮಾಡಿದರೆ ದರೋಡೆ ಅಂದರೆ ಇದು ತೆರಿಗೆಯಾಯಿತು. ಮನಸ್ಸಿನಿಂದ ಕೊಟ್ಟದ್ದಕ್ಕೆ ಬೆಲೆ ಎಲ್ಲಿ ಬಂತು? ಕಾನೂನಿಗೆ ಹೆದರಿ ಬಿಟ್ಟ ತೆನೆಯಲ್ಲಿ ಕೃತಜ್ಞತೆ ಇರುತ್ತದಾ?

ಹೊಲದಂಚು:

ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ನನಗೆ ತೋಚುವ ಉತ್ತರ ಇದು. ಹಸಿದವನು ನನ್ನ ಮನಸ್ಸು ಕರಗುವವರೆಗೆ ಕಾಯಬೇಕಾ? ನನಗೆ ಇವತ್ತು ಉದಾರ ಮನಸ್ಸು ಇಲ್ಲದಿದ್ದರೆ ಅವನು ಉಪವಾಸ ಇರಬೇಕಾ? ಊಟವನ್ನು ಮೊದಲು ಖಾತ್ರಿ ಮಾಡಿ, ಆಮೇಲೆ ಕೊಡುವವನ ಮನಸ್ಸನ್ನು ತಿದ್ದುವ ಕ್ರಮ ಅಲ್ಲಿದೆ.

ಹಾಗಂತ ಮನಸ್ಸನ್ನು ಕೈಬಿಟ್ಟಿಲ್ಲ. ಮೈಮೊನಿಡಿಸ್ ಅಂತ ಒಬ್ಬ ದೊಡ್ಡ ಪಂಡಿತ, ವೈದ್ಯ. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿದವನು, 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ. ಅವನು ಬರೆದ ಕಟ್ಟಳೆಗಳಲ್ಲಿ ಮುಖ ಸಿಂಡರಿಸಿಕೊಂಡು ಸಾವಿರ ಚಿನ್ನದ ನಾಣ್ಯ ಕೊಟ್ಟರೂ ಪುಣ್ಯ ಕಳೆದುಕೊಂಡ ಹಾಗೆ ಅಂತಿದೆ. ಕೊಡುವುದರಲ್ಲಿ ಎಂಟು ಮೆಟ್ಟಿಲು ಮಾಡಿದ್ದಾನೆ. ಕೆಳಗಿನ ಮೆಟ್ಟಿಲು, ಒಲ್ಲದ ಮನಸ್ಸಿನಿಂದ ಕೊಡುವುದು. ಅದರ ಮೇಲಿನದ್ದು, ಕೊಡಬೇಕಾದ್ದಕ್ಕಿಂತ ಕಡಿಮೆಯಾದರೂ ನಗುಮುಖದಿಂದ ಕೊಡುವುದು. ಹೀಗೇ ಏರುತ್ತಾ ಹೋಗಿ, ಮೇಲಿನ ಮೆಟ್ಟಿಲು ಏನು ಗೊತ್ತಾ? ಬೀಳುತ್ತಿರುವವನ ಕೈ ಹಿಡಿದು ಸಾಲ ಕೊಡುವುದು, ವ್ಯಾಪಾರದಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳುವುದು, ಇಲ್ಲವೇ ಕೆಲಸ ಹುಡುಕಿಕೊಡುವುದು. ಮುಂದೆ ಅವನು ಯಾರ ಮುಂದೆಯೂ ಕೈ ಚಾಚಬಾರದು.

ಇನ್ನು ಕೃತಜ್ಞತೆಯ ಮಾತು. ಮಿಶ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಗ್ರಂಥ ತಾಲ್ಮುಡ್. ಅದರಲ್ಲಿ ಒಂದು ಜಿಜ್ಞಾಸೆ ಬರುತ್ತದೆ. ಒಂದು ಕೀರ್ತನೆ, ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದ್ದು ಅನ್ನುತ್ತದೆ. ಇನ್ನೊಂದು ಕೀರ್ತನೆ, ಆಕಾಶ ದೇವರದ್ದು, ಭೂಮಿಯನ್ನು ಮನುಷ್ಯರಿಗೆ ಕೊಟ್ಟಿದ್ದಾನೆ ಅನ್ನುತ್ತದೆ. ಯಾವುದು ಸರಿ? ರಬ್ಬಿ (ಧರ್ಮಗುರು) ಲೇವಿ ಹೇಳುತ್ತಾನೆ, ಎರಡೂ ಸರಿ. ಮೊದಲನೆಯದು ತುತ್ತಿಗೆ ಮುಂಚೆ ಸ್ತುತಿ ಹೇಳುವವರೆಗೆ. ಎರಡನೆಯದು ಹೇಳಿದ ಮೇಲೆ. ಹೇಳದೆ ತಿಂದವನು ದೇವಾಲಯದ ಸೊತ್ತನ್ನು ಸ್ವಂತಕ್ಕೆ ಬಳಸಿದ ಹಾಗೆ. ಅದಕ್ಕೇ ಅವರಲ್ಲಿ ರೊಟ್ಟಿಗೆ ಒಂದು ಸ್ತುತಿ, ಮರದ ಹಣ್ಣಿಗೆ ಇನ್ನೊಂದು, ನೆಲದ ತರಕಾರಿಗೆ ಮತ್ತೊಂದು. ದಿನಕ್ಕೆ ನೂರು ಸ್ತುತಿ ಹೇಳಬೇಕು ಅಂತ ರಬ್ಬಿ ಮೇಯಿರ್ ಹೇಳಿದ. ಶೌಚಕ್ಕೆ ಹೋಗಿ ಬಂದ ಮೇಲೂ ಒಂದಿದೆ. ದೇಹದ ದ್ವಾರಗಳಲ್ಲಿ ಒಂದು ಮುಚ್ಚಿದರೂ, ಒಂದು ಒಡೆದರೂ ನಿನ್ನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ ಅಂತ ಅದರ ಅರ್ಥ. ಮೂತ್ರಪಿಂಡದ ಕಾಯಿಲೆಯವರ ಜೊತೆ ಆಸ್ಪತ್ರೆಯಲ್ಲಿ ಕೂತವರಿಗೆ ಈ ಪ್ರಾರ್ಥನೆ ಸುಮ್ನೆ ಹುಟ್ಟಿದ್ದಲ್ಲ ಅಂತ ತಿಳಿಯುತ್ತದೆ.

ಕಡಲತೀರದವಳು:

ನಾನು ಉಡುಪಿ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯವರು ಈ ಕೆಲಸದಲ್ಲಿ ಇಲ್ಲಿ ತುಂಬ ಜನ ಇದ್ದಾರೆ. ಪುಸ್ತಕದ ಮಾತು ನನಗೆ ಗೊತ್ತಿಲ್ಲ. ಕಣ್ಣಾರೆ ಕಂಡದ್ದು ಬರೆಯುತ್ತೇನೆ.

ನಾನು ನೋಡಿಕೊಳ್ಳುವ ಅಜ್ಜಿಗೆ ಕೈ ನಡುಗುತ್ತದೆ. ಶುಕ್ರವಾರ ಸಂಜೆ ಸಬ್ಬತ್ (ವಾರದ ವಿಶ್ರಾಂತಿ ದಿನ) ದೀಪ ಹಚ್ಚುವ ಮುಂಚೆ ಅಡುಗೆಮನೆ ಕಪಾಟಿನಿಂದ ಒಂದು ತಗಡಿನ ಡಬ್ಬಿ ತೆಗೆಸುತ್ತಾರೆ. ಅದಕ್ಕೆ ನಾಣ್ಯ ಹಾಕದೆ ದೀಪ ಮುಟ್ಟುವುದಿಲ್ಲ. ನಾನು ಹಾಕಿಕೊಡುತ್ತೇನೆ ಅಂದರೆ ಒಪ್ಪುವುದಿಲ್ಲ. ನಾಣ್ಯ ಡಬ್ಬಿಯ ಸೀಳಿಗೆ ತಾಗಿ ಜಾರಿ ಮೇಜಿನ ಕೆಳಗೆ ಉರುಳುತ್ತದೆ. ನಾನು ಹೆಕ್ಕಿ ಅವರ ಕೈಗೇ ಕೊಡಬೇಕು. ಮತ್ತೆ ಪ್ರಯತ್ನ ಮಾಡುತ್ತಾರೆ. ಅವರೇನೂ ಶ್ರೀಮಂತರಲ್ಲ, ಪಿಂಚಣಿ ಹಣದಲ್ಲೇ ಮನೆ ನಡೆಯುತ್ತದೆ.

ಅವರ ವೀಲ್‌ಚೇರ್ ಬಂದದ್ದು ಯಾದ್ ಸಾರಾ ಅನ್ನುವ ಸಂಸ್ಥೆಯಿಂದ. 1976ರಲ್ಲಿ ಜೆರುಸಲೇಮಿನಲ್ಲಿ ಶುರುವಾದದ್ದು. ಮಗುವಿಗೆ ಹುಷಾರಿಲ್ಲದಾಗ ಒಬ್ಬರು ಪಕ್ಕದ ಮನೆಯಿಂದ ಹಬೆ ಯಂತ್ರ ಎರವಲು ತಂದರು. ಹೀಗೆ ಬೇಕಾದವರು ಎಷ್ಟು ಜನ ಇರಬಹುದು ಅಂತ ಯೋಚಿಸಿ, ತಾವೇ ಕೆಲವು ಯಂತ್ರ ಕೊಂಡು ಊರವರಿಗೆ ಎರವಲು ಕೊಡತೊಡಗಿದರು. ಈಗ ದೇಶದ ತುಂಬ ಶಾಖೆಗಳಿವೆ. ಊರುಗೋಲು, ವಾಕರ್, ಆಮ್ಲಜನಕದ ಯಂತ್ರ, ಎಲ್ಲ ಸಿಗುತ್ತದೆ. ಠೇವಣಿ ಇಟ್ಟು ತಗೊಂಡು ಹೋಗುವುದು, ವಾಪಸ್ ಕೊಟ್ಟಾಗ ಠೇವಣಿಯೂ ವಾಪಸ್. ಕೌಂಟರಿನಲ್ಲಿ ಕೂತವರಲ್ಲಿ ಹೆಚ್ಚಿನವರು ನಿವೃತ್ತರು, ಸಂಬಳ ಇಲ್ಲದೆ ಕೆಲಸ ಮಾಡುವವರು. ಅಲ್ಲಿ ಯಾರೂ ನಿಮ್ಮ ಸಂಬಳ ಎಷ್ಟು, ಯಾವ ಧರ್ಮ ಅಂತ ಕೇಳಲಿಲ್ಲ.

ಧಾರ್ಮಿಕರು ಜಾಸ್ತಿ ಇರುವ ಬಡಾವಣೆಗಳಲ್ಲಿ ಗಮಾಖ್, ಅಂದರೆ ಎರವಲು ಸಿಗುವ ಜಾಗ, ಅಂತ ಸಣ್ಣ ಬೋರ್ಡುಗಳು ಕಾಣುತ್ತವೆ. ಒಬ್ಬರ ಮನೆಯಲ್ಲಿ ಮದುವೆ ಉಡುಪು, ಇನ್ನೊಬ್ಬರ ಮನೆಯಲ್ಲಿ ಮಡಿಸುವ ಕುರ್ಚಿಗಳು, ಮತ್ತೊಬ್ಬರಲ್ಲಿ ಬಡ್ಡಿ ಇಲ್ಲದ ಸಣ್ಣ ಸಾಲ. ಮನೆಯಲ್ಲಿ ಒಂದು ವಸ್ತು ಜಾಸ್ತಿ ಇದೆ ಅಂದರೆ ಅದನ್ನು ಬೀದಿಗೆ ಬಿಡಬೇಕು ಅನ್ನುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಲೆಕ್ಕಿಗ:

ಕಡಲತೀರದವರೇ, ಆ ನಾಣ್ಯದ ವಿಷಯ ಓದಿ ಸ್ವಲ್ಪ ಹೊತ್ತು ಹಾಗೇ ಕೂತೆ. ಪಿಂಚಣಿಯಲ್ಲಿ ಬದುಕುವವರಿಗೂ ಬಿಡುಗಡೆ ಇಲ್ಲವಾ?

ಹೊಲದಂಚು:

ಇಲ್ಲ. ಬೇರೆಯವರ ನೆರವಿನಿಂದ ಬದುಕುವ ಬಡವನೂ ತ್ಸೆದಾಕಾ, ಅಂದರೆ ಬಡವರಿಗೆ ಸಲ್ಲಬೇಕಾದ ಪಾಲು, ಕೊಡಬೇಕು ಅಂತ ತಾಲ್ಮುಡ್ ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಓದಿದಾಗ ಇದು ಕ್ರೂರ ಅನ್ನಿಸಬಹುದು. ನನಗೆ ಅದು ಗೌರವದ ಮಾತಾಗಿ ಕೇಳಿಸುತ್ತದೆ. ಪಡೆಯುವವನು ಬರೀ ಪಡೆಯುವವನಾಗಿ ಉಳಿಯಬಾರದು. ಅಜ್ಜಿ ನಾಣ್ಯವನ್ನು ನಿಮ್ಮ ಕೈಗೆ ಕೊಡದಿರುವುದೂ ಅದಕ್ಕೇ ಇರಬೇಕು.

ಮೇಲಿನ ಮಿತಿಯೂ ಇದೆ. ಆಸ್ತಿಯ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೊಟ್ಟು ನಾಳೆ ತಾನೇ ಬೇರೆಯವರಿಗೆ ಹೊರೆಯಾಗಬಾರದು ಅಂತ ಉಷಾ ಎಂಬ ಊರಿನ ಪಂಡಿತರು ಕಟ್ಟು ಮಾಡಿದರು. ಊರಿನ ನಿಧಿಗೂ ಕಟ್ಟಳೆ ಇತ್ತು. ಕುಪ್ಪಾ ಅಂದರೆ ವಾರದ ನಿಧಿ, ತಮ್ಹೂಯ್ ಅಂದರೆ ದಿನದ ಊಟದ ತಟ್ಟೆ. ಎರಡು ಹೊತ್ತಿನ ಊಟ ಕೈಯಲ್ಲಿದ್ದವನು ತಟ್ಟೆಯಿಂದ ತೆಗೆದುಕೊಳ್ಳಬಾರದು. ಹದಿನಾಲ್ಕು ಹೊತ್ತಿನದ್ದು ಇದ್ದವನು ನಿಧಿಯಿಂದ ತೆಗೆದುಕೊಳ್ಳಬಾರದು. ನಿಧಿಗೆ ಹಣ ಎತ್ತಲು ಇಬ್ಬರು, ಹಂಚಲು ಮೂವರು. ಒಬ್ಬನೇ ಮಾಡುವಂತಿಲ್ಲ. ನಮ್ಮ ಎಷ್ಟೋ ಸಂಘ ಸಂಸ್ಥೆಗಳು ಈ ಒಂದು ಸಾಲನ್ನು ಗೋಡೆಗೆ ಬರೆದುಕೊಳ್ಳಬೇಕು.

ಪುಣೆ ಕನ್ನಡತಿ:

ನಾನು ಇರುವ ಊರಿಗೂ ಈ ವಿಷಯಕ್ಕೂ ನೇರ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿನ ಸಸೂನ್ ಆಸ್ಪತ್ರೆಯನ್ನು ತಿಳಿಯದವರಿಲ್ಲ. ಡೇವಿಡ್ ಸಸೂನ್ 1792ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ ಯೆಹೂದಿ. ಅಲ್ಲಿಂದ ಓಡಿಬಂದು ಮುಂಬೈಯಲ್ಲಿ ವ್ಯಾಪಾರ ಕಟ್ಟಿದರು. ಅವರ ದಾನದಿಂದ ಎದ್ದ ಆಸ್ಪತ್ರೆ 1867ರಲ್ಲಿ ತೆರೆಯಿತು. ಇಂದಿಗೂ ಬಡವರಿಗೆ ಅದೇ ದಿಕ್ಕು. ಅವರು ಕಟ್ಟಿಸಿದ ಕೆಂಪು ಕಟ್ಟಡದ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಇಲ್ಲೇ ಕ್ಯಾಂಪಿನಲ್ಲಿದೆ. ಜನ ಲಾಲ್ ದೇವಳ ಅನ್ನುತ್ತಾರೆ. ಅವರ ಸಮಾಧಿಯೂ ಅದರ ಆವರಣದಲ್ಲೇ ಇದೆ.

ಆದರೆ ಸಸೂನ್ ಮನೆತನದ ಸಂಪತ್ತಿನಲ್ಲಿ ದೊಡ್ಡ ಪಾಲು ಚೀನಾಕ್ಕೆ ಅಫೀಮು ಸಾಗಿಸಿದ್ದರಿಂದ ಬಂತು. ಆಗ ಅದು ಬ್ರಿಟಿಷರ ಕಾನೂನಿಗೆ ಒಳಪಟ್ಟ ವ್ಯಾಪಾರವೇ. ಆದರೂ ಅಲ್ಲಿ ಲಕ್ಷಾಂತರ ಮನೆಗಳು ಹಾಳಾದವು. ಪಡೆದದ್ದಕ್ಕೆ ಹೊಣೆ ಅನ್ನುವಾಗ, ಹೇಗೆ ಪಡೆದೆ ಅನ್ನುವುದಕ್ಕೂ ಹೊಣೆ ಬೇಡವಾ?

ಹೊಲದಂಚು:

ಬೇಕು. ಅವರ ಗ್ರಂಥಗಳೇ ಅದನ್ನು ಹೇಳುತ್ತವೆ. ಸುಕ್ಕೋತ್ ಹಬ್ಬಕ್ಕೆ ಕೈಯಲ್ಲಿ ಹಿಡಿಯುವ ಖರ್ಜೂರದ ಗರಿ ಕದ್ದದ್ದಾದರೆ ಆಚರಣೆ ಸಲ್ಲುವುದಿಲ್ಲ ಅಂತ ಮಿಶ್ನಾ ಹೇಳುತ್ತದೆ. ಪಾಪದ ದಾರಿಯಿಂದ ಬಂದ ಪುಣ್ಯ ಪುಣ್ಯವಲ್ಲ ಅನ್ನುವುದು ಅಲ್ಲಿನ ತತ್ವ. ಅಫೀಮು ಕಳ್ಳಮಾಲಾಗಿರಲಿಲ್ಲ ಅಂತ ವಾದ ಮಾಡಬಹುದು. ನನಗೆ ಆ ವಾದ ಸಾಲದು. ಆಸ್ಪತ್ರೆ ಒಳ್ಳೆಯದು, ಅಫೀಮು ಕೆಟ್ಟದ್ದು. ಎರಡನ್ನೂ ಕೂಡಿಸಿ ಕಳೆದು ಸೊನ್ನೆ ಮಾಡಲು ಬರುವುದಿಲ್ಲ.

ಶಿಕಾಗೊ ಕನ್ನಡಿಗ:

ಇದಕ್ಕೆ ಎದುರಾಗಿ ನಮ್ಮ ಊರಿನ ಒಬ್ಬರನ್ನು ನೆನೆಯಬೇಕು. ಜೂಲಿಯಸ್ ರೋಸೆನ್‌ವಾಲ್ಡ್, 1862ರಿಂದ 1932. ಸಿಯರ್ಸ್ ರೋಬಕ್ ಕಂಪನಿಯ ಮುಖ್ಯಸ್ಥ. ಅವರೂ ಯೆಹೂದಿ. ಇಲ್ಲಿನ ಸಿನಾಯ್ ಎಂಬ ಯೆಹೂದಿ ಸಭೆಯ ರಬ್ಬಿ ಎಮಿಲ್ ಹರ್ಶ್ ಅವರ ಪ್ರವಚನಗಳ ಪ್ರಭಾವ ಅವರ ಮೇಲೆ ಬಹಳ ಇತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆ ಸರಿಯಾದ ಶಾಲೆಯೇ ಇಲ್ಲದ ಕಾಲ. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ನಾಯಕ ಬುಕರ್ ಟಿ. ವಾಷಿಂಗ್ಟನ್ ಜೊತೆ ಕೂಡಿ ಶುರುಮಾಡಿದ ಕೆಲಸದಿಂದ ಸುಮಾರು 5,000 ಶಾಲೆಗಳು ಎದ್ದವು. ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ ಓದಿದ್ದು ಅಂಥದೇ ಒಂದು ಶಾಲೆಯಲ್ಲಿ.

ಎರಡು ವಿಷಯ ನನಗೆ ಮುಖ್ಯ. ಒಂದು, ಪೂರ್ತಿ ಹಣ ಅವರೇ ಕೊಡಲಿಲ್ಲ. ಊರಿನ ಕಪ್ಪು ಜನ ತಮ್ಮ ದುಡ್ಡು, ಮರ, ದುಡಿಮೆ ಹಾಕಿದರು, ಸರ್ಕಾರವೂ ಪಾಲು ಕೊಡಬೇಕಾಯಿತು. ಶಾಲೆ ಊರಿನದ್ದಾಯಿತು. ಇನ್ನೊಂದು, ತಮ್ಮ ಹೆಸರಿನ ನಿಧಿ ಶಾಶ್ವತವಾಗಿ ಇರಬಾರದು ಅಂತ ಷರತ್ತು ಹಾಕಿದರು. ತಾವು ಸತ್ತ ಮೇಲೆ 25 ವರ್ಷದೊಳಗೆ ಎಲ್ಲ ಖರ್ಚಾಗಬೇಕು ಅಂದರು. 1948ರಲ್ಲೇ ಖಾಲಿ ಮಾಡಿ ಮುಚ್ಚಿದರು. ನಿಧಿಯನ್ನು ಕೂಡಿಟ್ಟು ಬೆಳೆಸುವುದೇ ಸಾಧನೆ ಅನ್ನುವವರ ನಡುವೆ ಈ ಮನುಷ್ಯ ನನಗೆ ಬಹಳ ಇಷ್ಟ.

ಪುಣೆ ಕನ್ನಡತಿ:

ತಮ್ಮವರಲ್ಲದವರಿಗೆ ಕೊಟ್ಟರಲ್ಲ, ಅದು ಅವರ ಸ್ವಂತ ದೊಡ್ಡತನವೋ, ಧರ್ಮದಲ್ಲೂ ಇದೆಯೋ?

ಹೊಲದಂಚು:

ಇದೆ. ಯೆಹೂದಿ ಬಡವರ ಜೊತೆಗೇ ಬೇರೆ ಜನರ ಬಡವರನ್ನೂ ಸಾಕಬೇಕು, ಅವರ ರೋಗಿಗಳನ್ನೂ ನೋಡಬೇಕು, ಊರಿನ ಶಾಂತಿಗಾಗಿ ಅಂತ ತಾಲ್ಮುಡ್ ಹೇಳುತ್ತದೆ. ಯೆಹೂದಿಗಳು ದೇವರಿಂದ ಆಯ್ಕೆಯಾದ ಜನಾಂಗ ಅನ್ನುವ ಮಾತಿಗೆ ಪ್ರವಾದಿ ಆಮೋಸ ಕೊಟ್ಟ ತಿರುವನ್ನೂ ನೋಡಿ. ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ಅರಿತೆ, ಆದ್ದರಿಂದ ನಿಮ್ಮ ತಪ್ಪಿಗೆಲ್ಲ ನಿಮ್ಮನ್ನು ದಂಡಿಸುತ್ತೇನೆ ಅಂತ ದೇವರ ಮಾತು ಬರುತ್ತದೆ. ಹತ್ತಿರದವನು ಅಂದರೆ ರಿಯಾಯಿತಿ ಜಾಸ್ತಿ ಅಂತ ಕೇಳುಗರು ಕಾದಿರುತ್ತಾರೆ. ಅವನು ಲೆಕ್ಕ ಜಾಸ್ತಿ ಅನ್ನುತ್ತಾನೆ.

ವಿದ್ಯೆ, ಬುದ್ಧಿಗೂ ಇದೇ ಮಾತು. ತುಂಬ ತೋರಾ ಕಲಿತಿದ್ದರೆ ಹೆಗ್ಗಳಿಕೆ ಪಡಬೇಡ, ನಿನ್ನನ್ನು ಸೃಷ್ಟಿಸಿದ್ದೇ ಅದಕ್ಕಾಗಿ ಅಂದವನು ರಬ್ಬಿ ಯೋಹಾನಾನ್ ಬೆನ್ ಜಕ್ಕಾಯ್. ಜೆರುಸಲೇಮ್ ಕ್ರಿ.ಶ. 70ರಲ್ಲಿ ನಾಶವಾದ ಮೇಲೆ ಯಾವ್ನೆ ಊರಿನಲ್ಲಿ ಕಲಿಕೆಯನ್ನು ಉಳಿಸಿದವನು. ಅಂಥವನ ಬಾಯಲ್ಲಿ ಈ ಮಾತಿಗೆ ತೂಕ ಇದೆ.

ಮೌನಿ:

ಎಲ್ಲ ಓದಿದೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಕಾಯಿಲೆ, ಸಾಲ ಎರಡೂ ಇವೆ. ಸಿರಿಗೆ ಹೊಣೆ ಅನ್ನುವ ಮಾತು ಇದ್ದವರಿಗೆ ಚೆನ್ನ. ನನ್ನಂಥವರು ಏನು ಮಾಡಬೇಕು? ಕಷ್ಟಕ್ಕೂ ಕೃತಜ್ಞರಾಗಿರಿ ಅಂತ ಬೋಧನೆ ಕೇಳಿ ಕೇಳಿ ಸಾಕಾಗಿದೆ.

ಹೊಲದಂಚು:

ಮೌನಿಯವರೇ, ಬರೆದದ್ದು ಒಳ್ಳೆಯದಾಯಿತು. ಕೆಟ್ಟ ಸುದ್ದಿ ಬಂದಾಗ ಹೇಳುವ ಸ್ತುತಿ ಅವರಲ್ಲೂ ಇದೆ, ಆದರೆ ಅದು ಬೇರೆ. ಅದರಲ್ಲಿ ದೇವರನ್ನು ಸತ್ಯದ ನ್ಯಾಯಾಧಿಪತಿ ಅಂತ ಕರೆಯುತ್ತಾರೆ, ನನಗೆ ಇದು ಒಳ್ಳೆಯದಾಯಿತು ಅಂತ ಹೇಳಿಸುವುದಿಲ್ಲ. ಅವರ ಗ್ರಂಥದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಕೂಗಾಡಿದ, ಜಗಳವಾಡಿದ. ಕೊನೆಗೆ ದೇವರು ಸಿಟ್ಟಾದದ್ದು ಅವನಿಗೆ ಬೋಧನೆ ಮಾಡಿದ ಗೆಳೆಯರ ಮೇಲೆ.

ಹೊಣೆ ಈಗ ನಿಮ್ಮದಲ್ಲ, ಆರೋಗ್ಯವಾಗಿ ಓಡಾಡುತ್ತಿರುವವರದ್ದು. ರೋಗಿಯನ್ನು ನೋಡಲು ಹೋದವನು ಕಾಯಿಲೆಯ ಅರವತ್ತರಲ್ಲಿ ಒಂದು ಪಾಲನ್ನು ಹೊತ್ತು ಬರುತ್ತಾನೆ ಅಂತ ತಾಲ್ಮುಡ್‌ನಲ್ಲಿದೆ. ಸಾವಿನ ಮನೆಗೆ ಹೋದರೆ ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಬಂದವರು ಮಾತಾಡಬಾರದು ಅನ್ನುವ ಕಟ್ಟಳೆಯೂ ಇದೆ. ನೀವು ಯಾವ ಊರಿನಲ್ಲಿದ್ದೀರಿ ಅಂತ ಖಾಸಗಿಯಾಗಿ ತಿಳಿಸುತ್ತೀರಾ? ಆಸ್ಪತ್ರೆಗೆ ಜೊತೆಗೆ ಬರಲು, ಕಾಗದ ಪತ್ರ ಮಾಡಿಸಲು ಈ ಗುಂಪಿನಲ್ಲಿ ಜನ ಸಿಗುತ್ತಾರೆ.

ಕಡಲತೀರದವಳು:

ನಾನು ದೂರ ಇದ್ದೇನೆ. ಆದರೆ ರೋಗಿಯನ್ನು ಮಂಚದಿಂದ ಎತ್ತುವುದು, ಹೊರಳಿಸುವುದು, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದು ನನಗೆ ಚೆನ್ನಾಗಿ ಗೊತ್ತು. ವಿಡಿಯೊ ಕರೆಯಲ್ಲಿ ತೋರಿಸಿಕೊಡುತ್ತೇನೆ. ರಾತ್ರಿ ಎಷ್ಟು ಹೊತ್ತಾದರೂ ಸರಿ.

ಮೌನಿ:

ಖಾಸಗಿಯಾಗಿ ಬರೆದಿದ್ದೇನೆ. ಹೊರಳಿಸುವುದನ್ನು ಕಲಿಯಬೇಕು, ಅದು ನಿಜಕ್ಕೂ ಕಷ್ಟವಾಗುತ್ತಿದೆ.

ಲೆಕ್ಕಿಗ:

ಒಂದು ಕೊನೆಯ ಸಂದೇಹ. ಇಷ್ಟೆಲ್ಲ ಹೊಣೆ ಹೊತ್ತ ಮೇಲೆ ಮನುಷ್ಯ ಸುಖ ಪಡುವುದು ಯಾವಾಗ? ಮಗಳಿಗೆ ಒಂದು ಒಳ್ಳೆ ಬಟ್ಟೆ ಕೊಂಡರೂ ತಪ್ಪು ಮಾಡಿದ ಹಾಗೆ ಅನ್ನಿಸಲು ಶುರುವಾದರೆ ಕಷ್ಟ.

ಹೊಲದಂಚು:

ಬಟ್ಟೆ ಕೊಳ್ಳಿ, ಖಂಡಿತ ಕೊಳ್ಳಿ. ಹೊಸ ಬಟ್ಟೆ ತೊಟ್ಟಾಗ, ವರ್ಷದ ಮೊದಲ ಹಣ್ಣು ತಿಂದಾಗ ಹೇಳಲು ಅವರಲ್ಲಿ ಬೇರೆಯೇ ಒಂದು ಸ್ತುತಿ ಇದೆ, ಈ ಹೊತ್ತಿನವರೆಗೆ ನಮ್ಮನ್ನು ತಲುಪಿಸಿದೆಯಲ್ಲ ಅಂತ. ಕಣ್ಣಿಗೆ ಕಂಡ ಒಳ್ಳೆಯ ತಿನಿಸನ್ನು ತಿನ್ನದೆ ಬಿಟ್ಟದ್ದಕ್ಕೂ ಮುಂದೆ ಲೆಕ್ಕ ಒಪ್ಪಿಸಬೇಕಾಗುತ್ತದೆ ಅನ್ನುತ್ತದೆ ಜೆರುಸಲೇಮ್ ತಾಲ್ಮುಡ್. ಅದನ್ನು ಕೇಳಿ ರಬ್ಬಿ ಎಲಾಜಾರ್ ಚಿಲ್ಲರೆ ಕಾಸು ಕೂಡಿಟ್ಟು, ಪ್ರತಿಯೊಂದು ಬಗೆಯ ಹಣ್ಣನ್ನೂ ವರ್ಷಕ್ಕೊಮ್ಮೆಯಾದರೂ ತಿನ್ನುತ್ತಿದ್ದನಂತೆ.

ತಪ್ಪು ಎಲ್ಲಿ ಬರುತ್ತದೆ ಅನ್ನುವುದನ್ನು ಮೈಮೊನಿಡಿಸ್ ಹಬ್ಬದ ಕಟ್ಟಳೆಗಳಲ್ಲಿ ಬರೆದಿದ್ದಾನೆ. ಅಂಗಳದ ಬಾಗಿಲು ಹಾಕಿಕೊಂಡು ಹೆಂಡತಿ ಮಕ್ಕಳ ಜೊತೆ ಉಂಡು ಕುಡಿದು, ಬಡವರಿಗೆ, ನೊಂದವರಿಗೆ ಉಣಿಸದಿದ್ದರೆ ಅದು ಹಬ್ಬದ ಸಂತೋಷವಲ್ಲ, ಹೊಟ್ಟೆಯ ಸಂತೋಷ ಅಂತ.

ಶಿಕಾಗೊ ಕನ್ನಡಿಗ:

ಇದನ್ನೆಲ್ಲ ಓದಬೇಕಾದರೆ ಎಲ್ಲಿಂದ ಶುರು ಮಾಡಲಿ? ತಾಲ್ಮುಡ್ ಅಂದರೆ ಸಮುದ್ರ ಅನ್ನುತ್ತಾರೆ.

ಹೊಲದಂಚು:

ಪೇಆ ಎಂಟೇ ಅಧ್ಯಾಯ. ನಾಲ್ಕನೆಯದನ್ನು ಮೊದಲು ಓದಿ, ಖರ್ಜೂರ, ಕುಡುಗೋಲು ಎಲ್ಲ ಅದರಲ್ಲೇ ಇವೆ. ಆಮೇಲೆ ಎಂಟನೆಯದು, ನಿಧಿ ಮತ್ತು ತಟ್ಟೆಯ ಕಟ್ಟಳೆಗಳಿಗಾಗಿ. ನಾಲ್ಕನೆಯದರ ಕೊನೆಯಲ್ಲಿ, ಇರುವೆ ಗೂಡಿನಲ್ಲಿ ಸಿಕ್ಕ ಕಾಳು ಯಾರದ್ದು ಅನ್ನುವವರೆಗೆ ಚರ್ಚೆ ನಡೆಯುತ್ತದೆ. ಬೇಸರ ಮಾಡಿಕೊಳ್ಳದೆ ಓದಿ. ಗೂಡಿನ ಮೇಲಿನ ಕಾಳು ಬಡವರಿಗೆ, ಕೆಳಗಿನ ಕಾಳು ಹೊಲದವನಿಗೆ ಅನ್ನುತ್ತಾರೆ ಕೆಲವರು. ರಬ್ಬಿ ಮೇಯಿರ್ ಒಪ್ಪುವುದಿಲ್ಲ. ಸಂದೇಹ ಇದ್ದರೆ ಎಲ್ಲವೂ ಬಡವರಿಗೇ ಅನ್ನುತ್ತಾನೆ.